ಕುಣಿತ ಬಿಡಿ, ಕೂತವರನ್ನು ನೋಡಿ

ನಮಸ್ಕಾರ,

ಬದಿಯಡ್ಕದಿಂದ ನೀವು ಕಳಿಸಿದ ‘ಸ್ನಾಯುಗಳ ಕೆಲಸ’ ಲೇಖನ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ತಿದ್ದಿದರೆ ಒಳ್ಳೆಯ ಬರಹ ಆಗುತ್ತದೆ.

ಮೊದಲ ಪ್ಯಾರಾ ಪೂರ್ತಿ ತೆಗೆಯಿರಿ. ‘ಮಾನವ ದೇಹ ಒಂದು ಅದ್ಭುತ ಯಂತ್ರ’ ಎಂಬ ಸಾಲು ಓದಿ ಓದಿ ನನಗೆ ಸಾಕಾಗಿದೆ.

ಒಂದು ತಪ್ಪೂ ಇದೆ. ಸ್ನಾಯು ಗಿಡ್ಡವಾಗುವಾಗ ಒಳಗಿನ ಎಳೆಗಳೂ ಗಿಡ್ಡವಾಗುತ್ತವೆ ಎಂದಿದ್ದೀರಿ. ಇಲ್ಲ, ಎಳೆಗಳ ಉದ್ದ ಹಾಗೇ ಇರುತ್ತದೆ. ದಪ್ಪ ಮಯೋಸಿನ್ ಎಳೆಗಳ ನಡುವೆ ತೆಳು ಆಕ್ಟಿನ್ ಎಳೆಗಳು ಜಾರಿ ಒಳಗೆ ಬರುತ್ತವೆ. 1954ರಲ್ಲಿ ಆಂಡ್ರ್ಯೂ, ಹ್ಯೂ ಎಂಬ ಇಬ್ಬರು ಹಕ್ಸ್‌ಲಿ ವಿಜ್ಞಾನಿಗಳು ಬೇರೆ ಬೇರೆ ತಂಡಗಳಲ್ಲಿದ್ದುಕೊಂಡು ಇದನ್ನೇ ಹೇಳಿದರು (ಅವರಿಬ್ಬರು ಸಂಬಂಧಿಕರೂ ಅಲ್ಲ!). ಜೀವಕೋಶದ ಇಂಧನವಾದ ಎಟಿಪಿಯ ಬಗ್ಗೆ ‘ಎಟಿಪಿ ಶಕ್ತಿ ಕೊಡುತ್ತದೆ’ ಎಂದು ಬರೆದು ಅಲ್ಲಿಗೇ ನಿಲ್ಲಿಸಿದ್ದೀರಿ. ಮಯೋಸಿನ್ ಆಕ್ಟಿನ್ ಮೇಲಿನ ತನ್ನ ಹಿಡಿತ ಬಿಡಬೇಕಾದರೂ ಎಟಿಪಿ ಬೇಕು. ಸತ್ತ ಮೇಲೆ ಅದು ಮುಗಿದುಹೋಗುತ್ತದೆ, ಮೈ ಸೆಟೆದುಕೊಳ್ಳುತ್ತದೆ. ಇಂಥದ್ದನ್ನು ಬಿಡುತ್ತಾರಾ?

ಕ್ಯಾಲ್ಸಿಯಂ ಭಾಗ ಸರಿಯಾಗಿದೆ, ಮುಟ್ಟಬೇಡಿ.

ಮುಖ್ಯ ದೂರು ಬೇರೆ. ಮೂರು ಪುಟ ತುಂಬಾ ಚಲನೆ. ಸ್ನಾಯುವಿನ ಬಿಗಿಗೆ ಒಂದೇ ಸಾಲು: ‘ವಿಶ್ರಾಂತಿಯಲ್ಲೂ ಸ್ನಾಯು ಸ್ವಲ್ಪ ಬಿಗಿಯಾಗಿರುತ್ತದೆ.’ ಯಾಕೆ, ಹೇಗೆ ಎಂಬುದೇ ಇಲ್ಲ. ಮಧ್ಯಾಹ್ನ ಕಾಸರಗೋಡಿಗೆ ಹೋಗುವ ಬಸ್ಸು ಹತ್ತಿ ನೋಡಿ. ತಲೆಯ ಭಾರ ಮುಂದಕ್ಕೆ ಜಾಸ್ತಿ. ಎಚ್ಚರ ಇರುವಷ್ಟು ಹೊತ್ತು ಕತ್ತಿನ ಹಿಂದಿನ ಸ್ನಾಯುಗಳು ಅದನ್ನು ಹಿಡಿದಿರುತ್ತವೆ, ನಮಗೆ ಗೊತ್ತೇ ಆಗುವುದಿಲ್ಲ. ನಿದ್ದೆ ಹತ್ತಿತೋ, ಬಿಗಿ ಸಡಿಲ. ಗಲ್ಲ ಎದೆಗೆ ತಾಗುತ್ತದೆ, ಬಾಯಿ ತೆರೆದುಕೊಳ್ಳುತ್ತದೆ. ಆಮೇಲೆ ತಟ್ಟನೆ ಎದ್ದು, ಏನೂ ಆಗದವರ ಹಾಗೆ ಕಿಟಕಿಯ ಹೊರಗೆ ನೋಡುವುದು!

ಇದರ ಹಿಂದಿನ ಕೆಲಸವನ್ನು ವಿವರಿಸಿ. ಎಳೆತ ಎಷ್ಟಾಯಿತು ಎಂದು ಗಮನಿಸುವ ಸಣ್ಣ ತಂತುಗಳು ಸ್ನಾಯುವಿನೊಳಗೇ ಇವೆ. ತಲೆ ಚೂರು ವಾಲಿದರೂ ಸುದ್ದಿ ಬೆನ್ನುಹುರಿಗೆ ಹೋಗುತ್ತದೆ. ಮೆದುಳಿನ ಅಪ್ಪಣೆಗೆ ಕಾಯದೆ ಅದೇ ಸ್ನಾಯುವಿಗೆ ‘ಬಿಗಿಯಾಗು’ ಎಂಬ ಸೂಚನೆ ವಾಪಸು ಬರುತ್ತದೆ. ಎಷ್ಟು ಬಿಗಿ ಬೇಕು ಎಂಬುದನ್ನು ಮೆದುಳು ಮೇಲಿನಿಂದ ಹೆಚ್ಚು ಕಡಿಮೆ ಮಾಡುತ್ತಿರುತ್ತದೆ. ಸ್ನಾಯುವಿನ ಎಲ್ಲ ಭಾಗ ದುಡಿಯಬೇಕಾಗಿಲ್ಲ, ಸ್ವಲ್ಪ ಸಾಕು. ಅದಕ್ಕೇ ಸುಮ್ನೆ ಕೂತರೆ ಬೇಗ ಸುಸ್ತಾಗುವುದಿಲ್ಲ.

ಕೊನೆಗೆ ಯಕ್ಷಗಾನದ ಧೀಂಗಿಣ (ಗಿರಕಿ ಹೊಡೆಯುತ್ತ ಹಾರುವ ಕುಣಿತ) ತಂದಿದ್ದೀರಿ. ನಮ್ಮೂರಿನವರು ಯಾರು ಬರೆದರೂ ಅದನ್ನು ತರುತ್ತಾರೆ, ಅಲ್ವಾ? ಅದರ ಬದಲು ಕಿರೀಟ ಹೊತ್ತು ರಥದಲ್ಲಿ (ರಂಗದ ಮೇಲಿನ ಪೀಠ) ಅಲುಗಾಡದೆ ಕೂತ ವೇಷಧಾರಿಯನ್ನು ತನ್ನಿ. ಪರಿಚಯದವರಿದ್ದರೆ, ಆಟದ ಮರುದಿನ ಎಲ್ಲಿ ನೋಯುತ್ತದೆ ಎಂದು ಕೇಳಿ ಅವರ ಮಾತಲ್ಲೇ ಬರೆಯಿರಿ.

800 ಪದ ಮೀರದಿರಲಿ. ಚಿತ್ರ ನಾವೇ ಮಾಡಿಸುತ್ತೇವೆ.

– ಸಂಪಾದಕ