ರೆಕ್ಕೆಯ ಚುಕ್ಕೆ ನೋಡಿ ನೊಣದ ಹೆಸರು ಹೇಳಬಹುದೇ?

ಪ್ರಶ್ನೆ: ಸಿದ್ದಾಪುರದ ಹತ್ತಿರ ನಮ್ಮ ಕಾಫಿ ತೋಟವಿದೆ. ನಡುನಡುವೆ ಐವತ್ತು ಕಿತ್ತಳೆ ಗಿಡಗಳಿವೆ. ಬಣ್ಣ ತಿರುಗುವ ಹೊತ್ತಿಗೇ ಹಣ್ಣು ಉದುರುತ್ತಿವೆ, ಬಿದ್ದ ಹಣ್ಣಿಗೆ ಕೆಂಪು ಕಣ್ಣಿನ ಪುಟ್ಟ ನೊಣಗಳು ಮುತ್ತಿಕೊಳ್ಳುತ್ತವೆ. ಮೊಬೈಲ್‌ನಲ್ಲಿ ತೆಗೆದ ಆರು ಫೋಟೋ ಕಳಿಸಿದ್ದೇನೆ. ಒಂದು ನೊಣದ ರೆಕ್ಕೆ ತುದಿಯಲ್ಲಿ ಕಪ್ಪು ಚುಕ್ಕೆ ಇದೆ. ಮಗಳು ಅದನ್ನು ಆ್ಯಪ್‌ಗೆ ಹಾಕಿದಾಗ ‘ಡ್ರಾಸೊಫಿಲ ಸುಜುಕಿ’ ಎಂದು ಬಂತು. ಹೊರದೇಶಗಳಲ್ಲಿ ಹಣ್ಣಿನ ಬೆಳೆಗೆ ಭಾರಿ ನಷ್ಟ ಮಾಡಿದ ನೊಣವಂತೆ. ಔಷಧಿ ಹೊಡೆಯಬೇಕೇ ಸರ್?

ಉತ್ತರ: ಸದ್ಯ ಹೊಡೆಯಬೇಡಿ. ಆ ಫೋಟೋದಿಂದ ಸುಜುಕಿ ಎನ್ನಲು ಬರುವುದಿಲ್ಲ, ಅಲ್ಲ ಎನ್ನಲೂ ಬರುವುದಿಲ್ಲ.

ನಿಮ್ಮ ಗಾಬರಿಗೆ ಕಾರಣವಿದೆ. 2008ರಲ್ಲಿ ಕ್ಯಾಲಿಫೋರ್ನಿಯಾ, ಇಟಲಿ, ಸ್ಪೇನ್‌ಗಳಲ್ಲಿ ಕಾಣಿಸಿಕೊಂಡ ಸುಜುಕಿ ಅಲ್ಲಿನ ಚೆರಿ, ಸ್ಟ್ರಾಬೆರಿ, ರಾಸ್ಪ್‌ಬೆರಿ ಬೆಳೆಗಾರರನ್ನು ಕಂಗೆಡಿಸಿತು. ಉಳಿದ ಸಣ್ಣ ಹಣ್ಣು ನೊಣಗಳು ಹೆಚ್ಚಾಗಿ ಕೊಳೆತದ್ದನ್ನೇ ಹುಡುಕಿಕೊಂಡು ಬರುತ್ತವೆ. ಆದರೆ ಇದರ ಹೆಣ್ಣಿಗೆ ಗರಗಸದಂಥ ಮೊಟ್ಟೆನಳಿಕೆ ಇದ್ದು, ಗಿಡದಲ್ಲಿರುವ ಒಳ್ಳೆಯ ಹಣ್ಣಿನ ತೆಳು ಸಿಪ್ಪೆಯನ್ನೇ ಕೊಯ್ದು ಮೊಟ್ಟೆಯಿಡುತ್ತದೆ. ಕಿತ್ತಳೆಯಂಥ ದಪ್ಪ ಸಿಪ್ಪೆ ಅದಕ್ಕೆ ಸುಲಭದ ತುತ್ತಲ್ಲ.

ಈಗ ಚುಕ್ಕೆಯ ವಿಷಯ. ಸುಜುಕಿಯ ಗಂಡಿಗೆ ರೆಕ್ಕೆ ತುದಿಯಲ್ಲಿ ಚುಕ್ಕೆ ಇರುವುದು ನಿಜ. ಆದರೆ ದಕ್ಷಿಣ ಭಾರತದಲ್ಲೇ ಇರುವ ಡ್ರಾಸೊಫಿಲ ಬೈಯಾರ್ಮಿಪಿಸ್ ಎಂಬ ನೊಣದ ಗಂಡಿಗೂ ಅಂಥದ್ದೇ ಚುಕ್ಕೆ ಇದೆ. ಹೆಣ್ಣುಗಳಿಗೆ ಎರಡರಲ್ಲೂ ಚುಕ್ಕೆ ಇಲ್ಲ. ಕೋಶದಿಂದ ಆಗತಾನೇ ಹೊರಬಂದ ಗಂಡಿಗೂ ಚುಕ್ಕೆ ಮೂಡಿರುವುದಿಲ್ಲ, ಮೈಬಣ್ಣವೂ ಪೇಲವ. ಹಾಗಾಗಿ ಚುಕ್ಕೆ ಕಂಡರೂ ತೀರ್ಪು ಕೊಡಲಾಗದು, ಕಾಣದಿದ್ದರೂ ಕೊಡಲಾಗದು. ಗಂಡಿನ ಮುಂಗಾಲಿನಲ್ಲಿ ಬಾಚಣಿಗೆಯ ಹಾಗೆ ಕಪ್ಪು ಹಲ್ಲುಗಳ ಸಾಲಿರುತ್ತದೆ. ಆ ಹಲ್ಲು ಎಷ್ಟು, ಕಾಲಿನ ಯಾವ ಗೆಣ್ಣಿನ ಮೇಲಿದೆ, ಅಡ್ಡಕ್ಕಿದೆಯೋ ಉದ್ದಕ್ಕಿದೆಯೋ ಎಂಬುದರ ಮೇಲೆ ಜಾತಿ ನಿಂತಿದೆ. ಇಡೀ ನೊಣವೇ ಎರಡು-ಮೂರು ಮಿಲಿಮೀಟರ್. ನಿಮ್ಮ ಫೋಟೋದಲ್ಲಿ ಆ ಕಾಲು ಒಂದು ಮಸುಕು ಗೆರೆ ಅಷ್ಟೇ. ಎಷ್ಟು ಹಿಗ್ಗಿಸಿದರೂ ಅದರಲ್ಲಿ ಹಲ್ಲು ಕಾಣುವುದಿಲ್ಲ.

ಇದು ಮೊಬೈಲ್ ಕ್ಯಾಮೆರಾದ ದೋಷವೂ ಅಲ್ಲ. ಅಮೆರಿಕದಲ್ಲಿ ತಳಿವಿಜ್ಞಾನಿ ಮಾರ್ಗನ್ ಅವರ ಪ್ರಯೋಗಾಲಯದವರು ಹಗಲಿರುಳು ಈ ನೊಣಗಳನ್ನೇ ಸಾಕಿ ನೋಡುತ್ತಿದ್ದವರು. ಅವರಲ್ಲೊಬ್ಬರಾದ ಸ್ಟರ್ಟೆವಂಟ್, ಡ್ರಾಸೊಫಿಲ ಮೆಲನೊಗ್ಯಾಸ್ಟರ್‌ನಂತೆಯೇ ಕಾಣುವ ಇನ್ನೊಂದು ಜಾತಿ ಇದೆ ಎಂದು 1919ರಲ್ಲಿ ತೋರಿಸಿ ಅದಕ್ಕೆ ಸಿಮುಲನ್ಸ್ ಎಂದು ಹೆಸರಿಟ್ಟರು. ಎರಡನ್ನೂ ಕೂಡಿಸಿದರೆ ಮರಿಗಳಲ್ಲಿ ಒಂದೇ ಲಿಂಗದವು ಬರುತ್ತಿದ್ದವು, ಅವೂ ಬಂಜೆ. ಮೈಯಲ್ಲಿ ಕಾಣುವ ಗಟ್ಟಿ ವ್ಯತ್ಯಾಸವೆಂದರೆ ಗಂಡಿನ ಜನನಾಂಗದ ಒಂದು ಚಿಕ್ಕ ಹಾಳೆ. ಒಂದರಲ್ಲಿ ಅದು ಸಪೂರ ಕೊಕ್ಕೆ, ಇನ್ನೊಂದರಲ್ಲಿ ಅಗಲ ಚಿಪ್ಪು. ಸೂಕ್ಷ್ಮದರ್ಶಕದ ಕೆಳಗೆ ನೊಣವನ್ನಿಟ್ಟುಕೊಂಡಾಗಲೂ ನಾನು ಗಂಡು ಸಿಗುವವರೆಗೆ ಹೆಸರು ಬರೆಯುವುದಿಲ್ಲ.

ಹಾಗೆಂದು ನಿಮ್ಮ ಫೋಟೋಗಳು ವ್ಯರ್ಥವಾಗಿಲ್ಲ. ಮೂರನೆಯದರಲ್ಲಿ ನೆತ್ತಿಯಿಂದ ಬೆನ್ನುದ್ದಕ್ಕೂ ಕಪ್ಪು ಅಂಚಿನ ಬಿಳಿ ಪಟ್ಟೆಗಳಿವೆ. ಅದು ಜಾಪ್ರಿಯೋನಸ್ ಕುಲದ್ದು, ಇಷ್ಟನ್ನು ಧೈರ್ಯವಾಗಿ ಹೇಳುತ್ತೇನೆ. ಇನ್ನು ಆರನೆಯ ಫೋಟೋ. ಅದರ ಮೂಲೆಯಲ್ಲಿ, ಇನ್ನೂ ಕೊಂಬೆಯಲ್ಲೇ ಇರುವ ಹಣ್ಣಿನ ಮೇಲೆ, ಕಣಜವನ್ನು ಹೋಲುವ ಒಂದು ನೊಣ ಕೂತಿದೆ. ನೀವು ಅದನ್ನು ಗಮನಿಸಿದಂತಿಲ್ಲ. ಮನೆನೊಣದಷ್ಟು ಗಾತ್ರ, ಕಪ್ಪು ಬೆನ್ನಿನ ಎರಡೂ ಬದಿಗೆ ಹಳದಿ ಗೆರೆ, ಅಗಲಕ್ಕೆ ಚಾಚಿದ ರೆಕ್ಕೆ. ನನಗೆ ಅನುಮಾನ ಅದರ ಮೇಲೆಯೇ. ಇದು ಬ್ಯಾಕ್ಟ್ರೊಸೆರ ಗುಂಪಿನದು, ಮಾವು ಬೆಳೆಯುವವರು ಊಜಿ ಎನ್ನುತ್ತಾರಲ್ಲ, ಅದು. ಗಿಡದಲ್ಲಿರುವಾಗಲೇ ಹಣ್ಣನ್ನು ಚುಚ್ಚಿ ಮೊಟ್ಟೆಯಿಡುತ್ತದೆ. ಹಣ್ಣು ಉದುರಿ ಕೊಳೆತ ಮೇಲೆ ನಿಮ್ಮ ಕೆಂಪು ಕಣ್ಣಿನವು ಊಟಕ್ಕೆ ಬರುತ್ತವೆ. ಈ ಗುಂಪಿನಲ್ಲೂ ಫೋಟೋ ನೋಡಿ ಜಾತಿ ಹೇಳುವುದು ಕಷ್ಟ: 2005ರಲ್ಲಿ ಆಫ್ರಿಕಾದಿಂದ ಬೇರೆ ಜಾತಿಯೆಂದು ಹೆಸರು ಪಡೆದ ಇನ್ವೇಡನ್ಸ್‌ಅನ್ನು 2015ರಲ್ಲಿ ಡಾರ್ಸಾಲಿಸ್ ಎಂಬ ಹಳೆಯ ಜಾತಿಗೇ ಸೇರಿಸಿದರು. ಆದರೆ ನಿಮ್ಮ ಕೆಲಸಕ್ಕೆ ಗುಂಪು ತಿಳಿದರೆ ಸಾಕು.

ಖಚಿತಪಡಿಸಿಕೊಳ್ಳಲು, ಇವತ್ತು ಬಿದ್ದ ಹತ್ತು ಹಣ್ಣು ಹೆಚ್ಚಿ ನೋಡಿ. ತೊಳೆಗಳ ನಡುವೆ ಬಿಳಿ ಹುಳುಗಳಿದ್ದು, ಹೊರಗೆ ಹಾಕಿದಾಗ ಬಿಲ್ಲಿನಂತೆ ಬಾಗಿ ಚಿಮ್ಮಿದರೆ ಅದು ದೊಡ್ಡ ನೊಣದ್ದೇ. ಇನ್ನಷ್ಟು ಹಣ್ಣನ್ನು ಡಬ್ಬದಲ್ಲಿ ಮರಳಿನ ಮೇಲಿಟ್ಟು ತೆಳುಬಟ್ಟೆ ಕಟ್ಟಿ, ಎರಡು-ಮೂರು ವಾರ ಕಾಯಿರಿ. ಒಳಗಿಂದ ಏನು ಎದ್ದು ಬರುತ್ತದೋ ಅದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ. ಹುಳುವೇ ಸಿಗದೆ ಬರೀ ರಂಧ್ರ ಕಂಡರೆ, ರಾತ್ರಿ ರಸ ಹೀರುವ ಪತಂಗವನ್ನು ಟಾರ್ಚ್ ಹಿಡಿದು ಹುಡುಕಬೇಕು. ಊಜಿಯೇ ಆಗಿದ್ದರೆ ಬಿದ್ದ ಹಣ್ಣನ್ನು ದಿನಾ ಆರಿಸಿ ಆಳಕ್ಕೆ ಹೂಳಿ, ವಾಸನೆಯಿಂದ ನೊಣ ಸೆಳೆಯುವ ಮೀಥೈಲ್ ಯೂಜಿನಾಲ್ ಬಲೆ ತೂಗುಹಾಕಿ. ಅದಕ್ಕೆ ಬೀಳುವುದು ಗಂಡುಗಳು ಮಾತ್ರ, ಹಾಗಾಗಿ ಹಣ್ಣು ಹೂಳುವುದನ್ನು ಬಿಡುವಂತಿಲ್ಲ. ಬಲೆಯ ವಿವರ ಚೆಟ್ಟಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರದಲ್ಲಿ ಕೇಳಿ.

ಚುಕ್ಕೆಯ ನೊಣದ ಹೆಸರು ನನಗೂ ಬೇಕು. ಬಾಟಲಿಯಲ್ಲಿ ಕಳಿತ ಬಾಳೆಹಣ್ಣು ಇಟ್ಟು, ಕಾಗದದ ಆಲಿಕೆ ಮುಚ್ಚಿ, ಒಳಹೊಕ್ಕ ನೊಣಗಳನ್ನು ಸ್ಪಿರಿಟ್ ಇರುವ ಸಣ್ಣ ಶೀಸೆಗೆ ಹಾಕಿ. ಚುಕ್ಕೆ ಇರುವವು, ಇಲ್ಲದವು ಎರಡೂ ಇರಲಿ. ತಾರೀಕು, ಊರು, ಯಾವ ಹಣ್ಣು ಎಂದು ಚೀಟಿ ಬರೆದು ಶೀಸೆಯೊಳಗೇ ಹಾಕಿ. ಚೀಟಿಯನ್ನು ಸೀಸದ ಕಡ್ಡಿಯಲ್ಲೇ ಬರೆಯಿರಿ, ಪೆನ್ನಿನ ಶಾಯಿ ಸ್ಪಿರಿಟ್‌ನಲ್ಲಿ ಕರಗಿಹೋಗುತ್ತದೆ.