ಸೋಗಿನ ಒಳಹೊಲಿಗೆ

ಬೀದರಿನ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಬೇಡ ಎಂದಿದ್ದಾರೆ, ಹಾಕಿಲ್ಲ. ಪತ್ರದ ಸಾರ ಹೀಗಿದೆ:

"ಬಿ.ಕಾಂ. ಮುಗಿಸಿ ಮನೆಯಲ್ಲಿದ್ದೇನೆ. ಅವ್ವ ಜಂಪರು ಹೊಲಿದು ಮನೆ ನಡೆಸುತ್ತಾಳೆ. ಎರಡು ವರ್ಷದಿಂದ ನನಗೆ ಕಾಸ್‌ಪ್ಲೇ ಹುಚ್ಚು, ಅಂದರೆ ಕಥೆ, ಸಿನಿಮಾದ ಪಾತ್ರಗಳ ವೇಷ ತೊಡುವ ಹುಚ್ಚು. ಜಪಾನಿನ ಕಾರ್ಟೂನ್ ಚಿತ್ರದ, ಅಂದರೆ ಅನಿಮೆಯ ಒಬ್ಬ ಯೋಧೆಯೆಂದರೆ ಜೀವ. ಆನ್‌ಲೈನಿನಲ್ಲಿ ನಾಲ್ಕು ಸಾವಿರ ಕೊಟ್ಟು ಅವಳ ಡ್ರೆಸ್ಸು ತರಿಸಿದೆ, ಒಮ್ಮೆ ತೊಟ್ಟಿದ್ದಕ್ಕೇ ಕಂಕುಳಲ್ಲಿ ಬಿಚ್ಚಿಕೊಂಡಿತು. ಫೋಟೊ ಹಾಕಿದರೆ ಒಬ್ಬ 'ಈ ಬಣ್ಣದೋರಿಗೆ ಆ ಪಾತ್ರ ಒಪ್ಪಂಗಿಲ್ಲ' ಅಂತ ಬರೆದ. ಅವ್ವ 'ದೊಡ್ಡೂರ ಮಂದಿ ಆಟ ಇದು, ನಮಗ್ಯಾಕ ಬೇಕು' ಅಂತಾಳೆ. ಚಳಿಗಾಲದಲ್ಲಿ ಹೈದರಾಬಾದಿನ ಕಾಮಿಕ್ ಕಾನ್‌ಗೆ, ಅಂದರೆ ಕಾಮಿಕ್ಸ್ ಮೆಚ್ಚುವವರು ಸೇರುವ ಮೇಳಕ್ಕೆ, ನಾನೇ ಮಾಡಿದ ವೇಷ ತೊಟ್ಟು ಹೋಗಬೇಕೆಂದಿದೆ. ಆಗುತ್ತದೆಯೇ? ಇದು ಬರೀ ಪರದೇಶದವರ ನಕಲೇ? ಬಿಚ್ಚಿದ ಆ ಹೊಲಿಗೆಯನ್ನು ಬೆಳಿಗ್ಗೆ ಎದ್ದು ನೋಡಿದರೆ ಅವ್ವ ಹಾಕಿಟ್ಟಿದ್ದಳು. ಏನೂ ಅನ್ನಲಿಲ್ಲ."

ತಂಗಿ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡನೆಯ ಸಲ ಕೊನೆಯ ಸಾಲಿನಲ್ಲಿ ನಿಂತೆ. ಅಲ್ಲಿಗೆ ಆಮೇಲೆ ಬರುತ್ತೇನೆ. ಮೊದಲು ಆ ಬಣ್ಣದ ಮಾತು ಮುಗಿಸೋಣ, ಯಾಕೆಂದರೆ ಅದು ನನಗೂ ನೋವು ಮಾಡಿತು.

ನಮ್ಮೂರು ಸೇಡಂ ಸೀಮೆಯದು. ನಾನು ಸಣ್ಣವನಿದ್ದಾಗ ಸುಗ್ಗಿ ಮುಗಿದ ಮೇಲೆ ದೊಡ್ಡಾಟ ಆಗುತ್ತಿತ್ತು. ರುಕ್ಮಿಣಿಯ ಪಾತ್ರ ಹಾಕುತ್ತಿದ್ದವರು ಐವತ್ತು ದಾಟಿದ ಒಬ್ಬ ರೈತರು. ಬಿಸಿಲಿಗೆ ಸುಟ್ಟ ಮೈ, ನೇಗಿಲು ಹಿಡಿದು ಜಡ್ಡುಗಟ್ಟಿದ ಕೈ. ಆಟದ ದಿನ ಮೀಸೆ ಬೋಳಿಸಿ, ಸೀರೆ ಉಟ್ಟು, ಗೆಜ್ಜೆ ಕಟ್ಟಿ ಅವರು ಪರದೆಯ ಹಿಂದಿನಿಂದ ಬಂದರೆ ನಮ್ಮವ್ವಂದಿರು ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದರು. ರುಕ್ಮಿಣಿ ಹೀಗಿದ್ದಳೇ ಎಂದು ಒಬ್ಬರೂ ಕೇಳಲಿಲ್ಲ. ನಿಮ್ಮ ಯೋಧೆ ಕಾಗದದ ಮೇಲೆ ಗೆರೆ, ಬಣ್ಣವಾಗಿ ಹುಟ್ಟಿದವಳು. ಅವಳಿಗೆ ಮೈ ಕೊಡುವವರು ನೀವು. ಕೊಡುವುದು ನಿಮ್ಮ ಮೈಯನ್ನೇ. ಮುಖಕ್ಕೆ ಬೆಳ್ಳಗಿನ ಪ್ಯಾನ್‌ಕೇಕ್ ಮೇಕಪ್ಪು ಬಳಿದುಕೊಂಡು ಆ ಮನುಷ್ಯನಿಗೆ ಉತ್ತರ ಕೊಡಲು ಹೋಗಬೇಡಿ. ಉಡುಪಿನ ಬಣ್ಣವನ್ನು ನಿಮ್ಮ ಮೈಬಣ್ಣದ ಪಕ್ಕದಲ್ಲಿಟ್ಟು ನೋಡಿ ಆರಿಸಿ. ಪರದೆಯ ಮೇಲಿನ ತಿಳಿ ನೀಲಿಗಿಂತ ತುಸು ಗಾಢ ನೀಲಿ ನಿಮಗೆ ಹೊಂದಿದರೆ ಅದನ್ನೇ ತೊಡಿ.

ಇನ್ನು "ದೊಡ್ಡೂರ ಮಂದಿ ಆಟ" ಎಂಬ ಮಾತು. ಕಾಸ್‌ಪ್ಲೇ ಎಂಬ ಹೆಸರನ್ನು ಕಾಸ್ಟ್ಯೂಮ್, ಪ್ಲೇ ಎರಡನ್ನೂ ಕೂಡಿಸಿ ಕಟ್ಟಿದವರು ಜಪಾನಿನ ನೊಬುಯುಕಿ ತಕಹಾಶಿ, 1983ರಲ್ಲಿ ಒಂದು ಪತ್ರಿಕೆಯ ಲೇಖನಕ್ಕಾಗಿ. ಆದರೆ ಆಟ ಹೆಸರಿಗಿಂತ ಹಳೆಯದು. 1939ರಲ್ಲಿ ನ್ಯೂಯಾರ್ಕಿನಲ್ಲಿ ವೈಜ್ಞಾನಿಕ ಕಥೆಗಳ ಮೊದಲ ವಿಶ್ವ ಸಮ್ಮೇಳನ ಸೇರಿದಾಗ ಫಾರೆಸ್ಟ್ ಆಕರ್‌ಮನ್, ಮರ್ಟಲ್ ಡಗ್ಲಸ್ ಎಂಬಿಬ್ಬರು ಮುಂದಿನ ಕಾಲದ ಜನ ಹೇಗೆ ಉಡಬಹುದೆಂದು ಕಲ್ಪಿಸಿದ ಉಡುಪಿನಲ್ಲಿ ಬಂದರು. ಆ ಎರಡೂ ಉಡುಪನ್ನು ಹೊಲಿದವರು ಡಗ್ಲಸ್. ಬಹಳ ಕಾಲ ಹೆಸರು ಮಾತ್ರ ಆಕರ್‌ಮನ್‌ರದೇ ಓಡಿತು. ಅವ್ವನಿಗೆ ಇದನ್ನು ಓದಿ ಹೇಳಿ: ಈ ಆಟದ ಮೊದಮೊದಲ ಉಡುಪುಗಳನ್ನು ಕೊಟ್ಟದ್ದು ದೊಡ್ಡ ಕಂಪನಿಯಲ್ಲ, ಹೊಲಿಗೆ ಬಲ್ಲ ಒಬ್ಬ ಹೆಣ್ಣುಮಗಳು.

ನಕಲೇ ಎಂದು ಕೇಳಿದ್ದೀರಿ. ನಮ್ಮಲ್ಲಿ ಹಗಲುವೇಷದವರಿದ್ದಾರೆ, ಮೊಹರಂನಲ್ಲಿ ಹುಲಿವೇಷ ಹಾಕುವವರಿದ್ದಾರೆ, ಆದ್ದರಿಂದ ಕಾಸ್‌ಪ್ಲೇ ಮೊದಲಿಂದಲೂ ನಮ್ಮದೇ ಎಂದು ಕೆಲವರು ಎದೆ ತಟ್ಟಿ ಹೇಳುತ್ತಾರೆ. ನಾನು ಹಾಗೆನ್ನಲಾರೆ. ಹಗಲುವೇಷ ಒಂದು ಸಮುದಾಯದ ಹೊಟ್ಟೆಪಾಡು, ತಲೆತಲಾಂತರದ ವಿದ್ಯೆ. ಅವರು ಬಿಸಿಲಲ್ಲಿ ಮನೆಮನೆ ಮುಂದೆ ನಿಂತು ಆಡುವುದನ್ನು, ನಾವು ಬಿಡುವಿನಲ್ಲಿ ಸ್ವಂತ ದುಡ್ಡು ಹಾಕಿ ಆಡುವ ಆಟದ ಜೊತೆ ಒಂದೇ ತಕ್ಕಡಿಯಲ್ಲಿ ತೂಗಿದರೆ ಅವರಿಗೆ ಅನ್ಯಾಯ. ಅವರಿಂದ ಕಲಿಯುವುದು ಮಾತ್ರ ಬೇಕಾದಷ್ಟಿದೆ. ವೇಷ ಕಟ್ಟಿಕೊಂಡು ಇಡೀ ದಿನ ನಡೆಯುವುದು, ಕುಳಿತೇಳುವುದು, ಮಕ್ಕಳು ಬಂದು ಬಾಲ ಜಗ್ಗಿದರೂ ಪಾತ್ರ ಬಿಡದಿರುವುದು. ಒಂದನ್ನು ಮಾತ್ರ ಹಳಬರಿಂದ ತರಬೇಡಿ. ಹಿಂದಿನ ಬಣ್ಣದ ಪೆಟ್ಟಿಗೆಯಲ್ಲಿ ಅರದಾಳ, ಇಂಗಳೀಕ ಇರುತ್ತಿದ್ದವು. ಅರದಾಳದಲ್ಲಿ ಆರ್ಸೆನಿಕ್ ಇದೆ, ಇಂಗಳೀಕದಲ್ಲಿ ಪಾದರಸ, ಎರಡೂ ವಿಷ. ಮುಖಕ್ಕೆಂದೇ ಮಾಡಿದ ಬಣ್ಣ ಕೊಳ್ಳಿ, ಮೊಣಕೈ ಒಳಗೆ ಹಚ್ಚಿ ಒಂದು ದಿನ ಬಿಟ್ಟು ನೋಡಿ.

ಈಗ ಕೆಲಸಕ್ಕೆ ಬರೋಣ. ನನಗೆ ಹೇಳಲು ಆಸೆಯಿರುವುದು ಇದನ್ನೇ.

ತರಿಸಿದ ಉಡುಪು ಯಾಕೆ ಬಿಚ್ಚಿತೆಂದು ಒಳಗು ತಿರುಗಿಸಿ ನೋಡಿ. ಇಂಥ ಅಗ್ಗದ ಉಡುಪುಗಳಲ್ಲಿ ಒಳಗೆ ಬಿಟ್ಟ ಬಟ್ಟೆ ಕಾಲಿಂಚೂ ಇರುವುದಿಲ್ಲ, ಇಂಟರ್‌ಲಾಕ್ ಇರುವುದಿಲ್ಲ, ಸ್ಯಾಟಿನ್ ನೂಲು ಜಾರಿ ಹೊಲಿಗೆ ತಾನೇ ಕಳಚಿಕೊಳ್ಳುತ್ತದೆ. ನಿಮ್ಮ ಅವ್ವ ಜಂಪರಿಗೆ ಒಳಗೆ ಒಂದಿಂಚು ಯಾಕೆ ಬಿಡುತ್ತಾರೆ, ಕಂಕುಳಲ್ಲಿ ಯಾಕೆ ಎರಡು ಹೊಲಿಗೆ ಹಾಕುತ್ತಾರೆ ಎಂದು ಕೇಳಿದ್ದೀರಾ? ಹೊಲಿಗೆಯ ಮೇಲೆ ಎಲ್ಲಕ್ಕಿಂತ ಹೆಚ್ಚು ಜಗ್ಗುವ ಜಾಗ ಅದು. ಕತ್ತಿ ಎತ್ತಿ ನಿಲ್ಲುವ ಯೋಧೆಗೆ ಇನ್ನೂ ಹೆಚ್ಚು. ಒಳ್ಳೆಯ ಬಟ್ಟೆಗೆ ಕತ್ತರಿ ಹಾಕುವ ಮೊದಲು ಮಾದರಪಾಟು ಬಟ್ಟೆಯಲ್ಲಿ ಒಂದು ಕಚ್ಚಾ ಉಡುಪು ಹೊಲಿದು, ತೊಟ್ಟು, ಕೈ ಮೇಲೆತ್ತಿ, ಕುಕ್ಕರುಗಾಲಲ್ಲಿ ಕೂತು ನೋಡಿ. ಹಿಡಿದಲ್ಲಿ ಪೆನ್ಸಿಲಿನಿಂದ ಗುರುತು ಹಾಕಿ.

ಬೆನ್ನ ಮೇಲಿನ ಕೇಪಿಗೆ ಲೆಕ್ಕ ಸುಲಭ. ಕುತ್ತಿಗೆಯ ಸುತ್ತಳತೆಯನ್ನು 6.28ರಿಂದ ಭಾಗಿಸಿದರೆ ಪೂರ್ತಿ ವೃತ್ತದ ಕೇಪಿನ ಕುತ್ತಿಗೆ ತ್ರಿಜ್ಯ ಸಿಗುತ್ತದೆ. ಹದಿನೈದು ಇಂಚಿನ ಕುತ್ತಿಗೆಗೆ ಸುಮಾರು 2.4 ಇಂಚು. ಅರ್ಧ ವೃತ್ತ ಸಾಕೆಂದರೆ ಅದರ ಎರಡರಷ್ಟು. ದುಂಡಗೆ ಕತ್ತರಿಸಿದ ಬಟ್ಟೆಯಲ್ಲಿ ಕೆಲವು ಕಡೆ ನೂಲು ನೇರಕ್ಕೆ, ಕೆಲವು ಕಡೆ ಕ್ರಾಸಿಗೆ ಬೀಳುತ್ತದೆ. ಕ್ರಾಸಿಗೆ ಬಿದ್ದದ್ದು ತನ್ನ ಭಾರಕ್ಕೇ ಜೋತು ಇಳಿಯುತ್ತದೆ. ಹಾಗಾಗಿ ಕೇಪನ್ನು ಒಂದು ರಾತ್ರಿ ಗೂಟಕ್ಕೆ ತೂಗುಹಾಕಿ, ಇಳಿದಷ್ಟನ್ನು ಸಮ ಮಾಡಿ, ಆಮೇಲೆ ಅಂಚು ಮಡಚಿ.

ಕವಚಕ್ಕೆ ಥರ್ಮೋಕೋಲ್ ಎಂದು ಬರೆದಿದ್ದೀರಿ. ಬೇಡ. ನನ್ನ ಅಕ್ಕನ ಮಗ ಶಾಲೆಯ ಕಾರ್ಯಕ್ರಮಕ್ಕೆ ಥರ್ಮೋಕೋಲಿನಲ್ಲಿ ಶಿರಸ್ತ್ರಾಣ ಮಾಡಿದ್ದ. ಹನ್ನೊಂದು ದಿನದ ಕೆಲಸ, ಕಿವಿಯ ಮೇಲೆ ರೆಕ್ಕೆ ಬೇರೆ. ಹಿಂದಿನ ಸಂಜೆ ಮಾಳಿಗೆ ಮೇಲೆ ಬೆಳ್ಳಿ ಬಣ್ಣದ ಸ್ಪ್ರೇ ಹೊಡೆದ. ಬಣ್ಣ ಬಿದ್ದ ಕಡೆಯೆಲ್ಲ ಗುಳಿ ಬಿತ್ತು, ಗುಳಿ ತೂತಾಯಿತು, ರೆಕ್ಕೆ ಮುದುಡಿ ಬೆಲ್ಲದ ಪಾಕದಂತೆ ಕೆಳಗಿಳಿಯಿತು. ಹುಡುಗ ಡಬ್ಬಿ ಕೈಯಲ್ಲಿ ಹಿಡಿದು ಹಾಗೇ ನಿಂತಿದ್ದ. ಸ್ಪ್ರೇ ಬಣ್ಣದ ದ್ರಾವಕ ಥರ್ಮೋಕೋಲನ್ನು ಕರಗಿಸುತ್ತದೆ. ಚಪ್ಪಲಿ ಅಂಟೂ ಹಾಗೇ.

ಜಗತ್ತಿನ ಕಾಸ್‌ಪ್ಲೇ ಮಂದಿ ನೆಚ್ಚಿಕೊಂಡಿರುವುದು ಇವಿಎ ಫೋಮನ್ನು. ಹೆಸರಿಗೆ ಹೆದರಬೇಡಿ. ಹಗುರ ಚಪ್ಪಲಿಗಳಲ್ಲಿ ಹಲವುದರ ಅಟ್ಟೆ, ಮಕ್ಕಳ ಕೋಣೆಯಲ್ಲಿ ಹಾಸುವ ಬಣ್ಣದ ಮ್ಯಾಟು ಬಹುಪಾಲು ಅದರದೇ. ಎದೆಕವಚಕ್ಕೆ ಐದರಿಂದ ಹತ್ತು ಮಿಲಿಮೀಟರ್ ದಪ್ಪ, ಮೇಲಿನ ಕುಸುರಿಗೆ ಎರಡು ಮಿಲಿಮೀಟರ್. ಹಳೆಯ ಟೀ ಶರ್ಟ್ ತೊಟ್ಟು ಮೇಲೆ ಅಡುಗೆಮನೆಯ ಪ್ಲಾಸ್ಟಿಕ್ ಹಾಳೆ ಸುತ್ತಿಸಿಕೊಂಡು, ಅದರ ಮೇಲೆ ಕಾಗದದ ಟೇಪು ಅಂಟಿಸಿ, ಕವಚದ ಗೆರೆಗಳನ್ನು ಮೈಮೇಲೇ ಬರೆಯಿಸಿಕೊಳ್ಳಿ. ಬಿಡಿಸಿ ಗೆರೆಯಗುಂಟ ಕತ್ತರಿಸಿದರೆ ನಿಮ್ಮದೇ ಮೈಯ ಪ್ಯಾಟರ್ನ್. ಅರ್ಧ ಮೈಯದು ಸಾಕು, ಇನ್ನರ್ಧಕ್ಕೆ ಅದನ್ನೇ ಮಗುಚಿ ಗೆರೆ ಹಾಕಿ.

ಕತ್ತರಿಸುವುದನ್ನು ಚಪ್ಪಲಿ ಹೊಲಿಯುವವರ ಹತ್ತಿರ ಒಂದು ತಾಸು ಕೂತು ನೋಡಿ ಬನ್ನಿ. ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ನನ್ನ ಚಪ್ಪಲಿ ದುರಸ್ತಿ ಮಾಡುವ ಹಿರಿಯರೊಬ್ಬರಿದ್ದಾರೆ. ರಂಪಿಗೆಯನ್ನು ಅವರು ನಿಲುವಾಗಿ ಹಿಡಿಯುತ್ತಾರೆ, ಒಂದೇ ಎಳೆತಕ್ಕೆ ಅಟ್ಟೆ ಬೇರೆಯಾಗುತ್ತದೆ, ಅಂಚು ಗಾಜಿನಂತೆ ನುಣುಪು. ಎರಡೆರಡು ಕತ್ತರಿಕೆಗೊಮ್ಮೆ ಕಲ್ಲಿಗೆ ಮಸೆಯುತ್ತಾರೆ. "ಮೊಂಡ ಆದ್ರ ಹರೀತದ, ಕೊಯ್ಯಂಗಿಲ್ಲ" ಎಂದರು. ಫೋಮಿನ ವಿಷಯದಲ್ಲಿ ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ. ನಿಮ್ಮ ಬ್ಲೇಡನ್ನೂ ಮೇಲಿಂದ ಮೇಲೆ ಬದಲಿಸಿ. ಅಂಟು ಹಚ್ಚುವುದೂ ಅವರದೇ ರೀತಿ: ಎರಡೂ ಮುಖಕ್ಕೆ ತೆಳುವಾಗಿ ಬಳಿದು, ಬೆರಳು ಮುಟ್ಟಿದರೆ ಅಂಟದಷ್ಟು ಆರಲು ಬಿಟ್ಟು, ಆಮೇಲೆ ಒತ್ತುವುದು. ಒತ್ತಿದ ಮೇಲೆ ಸರಿಸಲು ಬರುವುದಿಲ್ಲ, ಆದ್ದರಿಂದ ಒಂದು ತುದಿಯಿಂದ ಶುರು ಮಾಡಿ. ನಮ್ಮ ಸೆಕೆಗೆ ಅದು ಬೇಗ ಆರುತ್ತದೆ, ಒಮ್ಮೆಗೆ ಗೇಣಗಲ ಮಾತ್ರ ಹಚ್ಚಿ.

ಫೋಮನ್ನು ಬಗ್ಗಿಸಲು ಹೀಟ್ ಗನ್ ಬೇಕು, ಕೂದಲು ಒಣಗಿಸುವ ಯಂತ್ರದ ಬಿಸಿ ಸಾಲದು. ಬಿಸಿ ತಾಗಿದ ಕಡೆ ಮೇಲ್ಮೈ ಸ್ವಲ್ಪ ಮಿಂಚುತ್ತದೆ. ಅಂದರೆ ಸಣ್ಣ ರಂಧ್ರಗಳು ಮುಚ್ಚಿದವು, ಇನ್ನು ಬಣ್ಣ ಹೀರುವುದಿಲ್ಲ. ಬಿಸಿ ಇರುವಾಗಲೇ ಮೊಣಕಾಲ ಮೇಲೋ ಕೊಡದ ಮೇಲೋ ಒತ್ತಿ ಹಿಡಿದರೆ ಆರಿದ ಮೇಲೆ ಆ ದುಂಡು ಉಳಿಯುತ್ತದೆ. ಇದನ್ನೂ ಅಂಟಿನ ಕೆಲಸವನ್ನೂ ಮಾಳಿಗೆ ಮೇಲೆ, ಗಾಳಿಯಲ್ಲಿ, ಹೊಗೆ ತಡೆಯುವ ಮಾಸ್ಕ್ ಹಾಕಿಕೊಂಡು ಮಾಡಿ. ಬಟ್ಟೆಯ ಮಾಸ್ಕ್ ಈ ಹೊಗೆಗೆ ಪ್ರಯೋಜನವಿಲ್ಲ. ಆಮೇಲೆ ನೀರು ಬೆರೆಸಿದ ಬಿಳಿ ಫೆವಿಕಾಲ್ ನಾಲ್ಕೈದು ಕೋಟು, ಪ್ರತಿಯೊಂದೂ ಒಣಗಿದ ಮೇಲೆ ಇನ್ನೊಂದು. ಅದರ ಮೇಲೆ ಅಕ್ರಿಲಿಕ್ ಬಣ್ಣ.

ಬಣ್ಣ ಅಂದಾಗ ನೆನಪಾಯಿತು, ನೀವು ಬೀದರಿನವರು. ಬಿದರಿ ಕೆಲಸದ ಓಣಿಯಲ್ಲಿ ಒಂದು ಮಧ್ಯಾಹ್ನ ನಿಂತು ನೋಡಿ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಉಳಿಯಿಂದ ಗೀರಿ, ಗೀರಿನಲ್ಲಿ ಬೆಳ್ಳಿ ಕೂರಿಸಿ, ಕೊನೆಗೆ ಕೋಟೆಯ ಮಣ್ಣಿಗೆ ನವಸಾಗರದ ಉಪ್ಪು ಕಲಸಿ ಉಜ್ಜುತ್ತಾರೆ. ಮಣ್ಣು ಸತುವನ್ನು ಮಾತ್ರ ಕಪ್ಪು ಮಾಡುತ್ತದೆ, ಬೆಳ್ಳಿಯನ್ನು ಮುಟ್ಟುವುದಿಲ್ಲ. 2006ರಲ್ಲಿ ಜಿಐ, ಅಂದರೆ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಕಲೆ ಅದು. ನಿಮ್ಮ ಯೋಧೆಯ ಕವಚ ಕಪ್ಪು, ಅಂಚಿಗೆ ಬೆಳ್ಳಿ ಬಳ್ಳಿ ಎಂದು ಬರೆದಿದ್ದೀರಿ. ಆ ಬಳ್ಳಿಯನ್ನು ಬಿದರಿ ಹೂಜಿಯ ಮೇಲಿನ ಬಳ್ಳಿ ನೋಡಿ ಬರೆಯಿರಿ. ಕಪ್ಪು ಹೊಳಪಿಲ್ಲದೆ ಇರಲಿ, ಬೆಳ್ಳಿ ಗೆರೆ ಮೇಲೆ ಉಬ್ಬದೆ ಸಮತಟ್ಟಾಗಿ ಕೂರಲಿ. ಆಗ ನಿಮ್ಮದು ನಕಲೇ ಎಂಬ ಪ್ರಶ್ನೆಗೆ ಕವಚವೇ ಉತ್ತರ ಹೇಳುತ್ತದೆ.

ಹೈದರಾಬಾದಿಗೆ ಹೋಗಿ ಬನ್ನಿ. ನಮ್ಮ ದೇಶದಲ್ಲಿ ಕಾಮಿಕ್ ಕಾನ್ 2011ರಲ್ಲಿ ದಿಲ್ಲಿಯಲ್ಲಿ ಶುರುವಾಯಿತು, ಮರುವರ್ಷ ಬೆಂಗಳೂರಿಗೆ ಬಂತು, ಅದರ ಮರುವರ್ಷ ಹೈದರಾಬಾದಿಗೆ. ನಿಮಗೆ ಹತ್ತಿರದ್ದು ಅದೇ. ಗೆಳತಿಯನ್ನು ಕರೆದುಕೊಂಡು ಹೋಗಿ, ಬೆನ್ನ ಹಿಂದಿನ ಬಕಲ್ ಹಾಕಲು ಇನ್ನೊಬ್ಬರ ಕೈ ಬೇಕೇ ಬೇಕು. ಕವಚ ಬಿಡಿಬಿಡಿಯಾಗಿ ಪೆಟ್ಟಿಗೆಯಲ್ಲಿರಲಿ. ಬಿಸಿಲಿಗೆ ನಿಂತ ಗಾಡಿಯೊಳಗೆ ಬಿಡಬೇಡಿ, ಅಂಟು ಬಿಟ್ಟುಕೊಳ್ಳುತ್ತದೆ. ಲೋಹದ ಕತ್ತಿ, ಚೂಪು ವಸ್ತು ಒಳಗೆ ಬಿಡುವುದಿಲ್ಲ, ಫೋಮಿನದೇ ಮಾಡಿ. ಹೋಗುವ ಹಿಂದಿನ ಭಾನುವಾರ ಪೂರ್ತಿ ವೇಷ ತೊಟ್ಟು ಮನೆಯಲ್ಲಿ ನಾಲ್ಕು ತಾಸು ಇರಿ. ರೊಟ್ಟಿ ತಿನ್ನಿ, ಮೆಟ್ಟಿಲು ಹತ್ತಿಳಿಯಿರಿ, ಬಚ್ಚಲಿಗೆ ಹೋಗಿ ಬನ್ನಿ. ಅಲ್ಲಿ ಹೋಗಿ ಗೊತ್ತಾಗಬಾರದ್ದೆಲ್ಲ ಮನೆಯಲ್ಲೇ ಗೊತ್ತಾಗುತ್ತದೆ.

ಇನ್ನೊಂದನ್ನು ಗಟ್ಟಿಯಾಗಿ ಹೇಳುತ್ತೇನೆ. ವೇಷ ತೊಟ್ಟ ಮಾತ್ರಕ್ಕೆ ಮೈ ಮುಟ್ಟಲು, ಕೇಳದೆ ಫೋಟೊ ತೆಗೆಯಲು ಯಾರಿಗೂ ಹಕ್ಕಿಲ್ಲ. 2014ರಲ್ಲಿ ನ್ಯೂಯಾರ್ಕ್ ಕಾಮಿಕ್ ಕಾನ್‌ನವರು "ಕಾಸ್‌ಪ್ಲೇ ಎಂದರೆ ಒಪ್ಪಿಗೆಯಲ್ಲ" ಎಂದು ದೊಡ್ಡ ಫಲಕಗಳನ್ನೇ ನಿಲ್ಲಿಸಿದರು. ಯಾರಾದರೂ ಹೆಗಲ ಮೇಲೆ ಕೈ ಹಾಕಲು ಬಂದರೆ ಪಾತ್ರವನ್ನು ಬದಿಗಿಟ್ಟು ನೀವಾಗಿಯೇ ಬೇಡ ಅನ್ನಿ, ಅಲ್ಲಿನ ಸಿಬ್ಬಂದಿಯನ್ನು ಕರೆಯಿರಿ.

ಈಗ ಆ ಕೊನೆಯ ಸಾಲು. ಅವ್ವ ರಾತ್ರಿ ಕೂತು ನಿಮ್ಮ ಕಂಕುಳ ಹೊಲಿಗೆ ಹಾಕಿದರು, ಏನೂ ಅನ್ನಲಿಲ್ಲ ಎಂದು ಬರೆದಿದ್ದೀರಿ. ಆ ಉಡುಪು ಎಷ್ಟು ಕಳಪೆ ಎಂದು ನಿಮಗಿಂತ ಮೊದಲು ಕಂಡವರು ಅವರು. ಯಾಕೆ ಬೇಕು ಎಂಬ ಪ್ರಶ್ನೆಗೆ ನೀವು ಬಾಯಿಂದ ಉತ್ತರ ಕೊಡಲು ಹೋಗಬೇಡಿ. ಮಾದರಪಾಟಿನ ಕಚ್ಚಾ ಉಡುಪು ತೊಟ್ಟು ಅವರ ಮಿಷನ್ ಮುಂದೆ ನಿಲ್ಲಿ, "ಅವ್ವಾ, ಇಲ್ಲಿ ಹಿಡೀಲಕತ್ತದ ನೋಡು" ಅನ್ನಿ. ಗುಂಡುಪಿನ್ನು ಬಾಯಲ್ಲಿ ಕಚ್ಚಿಕೊಂಡು ಅವರು ಎದ್ದು ಬರುತ್ತಾರೆ. ಕೇಪಿನ ಅಂಚು ಮಡಚುವ ಕೆಲಸವನ್ನೂ ಅವರಿಗೇ ಬಿಡಿ, ದುಂಡನೆಯ ಅಂಚು ಸುಕ್ಕಾಗದಂತೆ ಮಡಚಲು ಪಳಗಿದ ಕೈ ಬೇಕು.

ಮುಗಿದ ಮೇಲೆ ಪತ್ರಿಕೆಗೆ ಎರಡು ಫೋಟೊ ಕಳಿಸಿ. ಒಂದು ನೀವು ವೇಷ ತೊಟ್ಟದ್ದು. ಇನ್ನೊಂದು ಉಡುಪನ್ನು ಒಳಗು ತಿರುಗಿಸಿದ್ದು, ಹೊಲಿಗೆ ಕಾಣುವಂತೆ.