ನೀರಿಗೆ ಆರದ ನೆಲದಡಿಯ ಬೆಂಕಿ

ಪ್ರಶ್ನೆ: ಜಾರ್ಖಂಡಿನ ಝರಿಯಾದಲ್ಲಿ ಕಲ್ಲಿದ್ದಲಿನ ಪದರಗಳು ನೂರು ವರ್ಷಗಳಿಗೂ ಹೆಚ್ಚು ಕಾಲದಿಂದ ಉರಿಯುತ್ತಿವೆಯೆಂದು ಓದಿದೆ. ಕಬ್ಬಿನ ಗದ್ದೆಗೆ ಬೆಂಕಿ ಬಿದ್ದರೆ ನಾವು ನೀರು ಹಾಕಿ ಆರಿಸುತ್ತೇವೆ. ಅಲ್ಲಿ ದಾಮೋದರ ನದಿ ಹತ್ತಿರದಲ್ಲೇ ಇರುವಾಗ ಗಣಿಗೆ ನೀರು ಏಕೆ ತುಂಬಿಸಬಾರದು? ನಮ್ಮ ಜಿಲ್ಲೆಯ ನೆಲದಡಿಯಲ್ಲೂ ಇಂಥ ಅಪಾಯವಿದೆಯೇ?
– ಓದುಗರೊಬ್ಬರು, ಪಾಂಡವಪುರ, ಮಂಡ್ಯ ಜಿಲ್ಲೆ

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಮಂಡ್ಯ, ಮೈಸೂರು ಜಿಲ್ಲೆಗಳ ಅಡಿಯಲ್ಲಿ ಕಲ್ಲಿದ್ದಲು ಇಲ್ಲ. ಕಲ್ಲಿದ್ದಲು ಹೂತುಹೋದ ಸಸ್ಯರಾಶಿಯಿಂದ ಆಗುವಂಥದ್ದು. ನಮ್ಮ ಭಾಗದ ‘ನೈಸ್’ ಎಂಬ ಬಹು ಪುರಾತನ ಗಟ್ಟಿ ಶಿಲೆಗಳಾದರೋ ನೆಲದ ಮೇಲೆ ಗಿಡಮರಗಳು ಹುಟ್ಟುವುದಕ್ಕೆ ಬಹಳ ಹಿಂದೆಯೇ ರೂಪುಗೊಂಡವು.

ಝರಿಯಾದ ಬೆಂಕಿ ಮೊದಲು ವರದಿಯಾದದ್ದು 1916ರಲ್ಲಿ. ಇಂಥ ಬೆಂಕಿಯನ್ನು ಯಾರೂ ಹಚ್ಚಬೇಕಾಗಿಲ್ಲ. ಗಾಳಿ ಸೋಕಿದ ಕಲ್ಲಿದ್ದಲು ಆಮ್ಲಜನಕವನ್ನು ಹೀರಿಕೊಂಡು ನಿಧಾನವಾಗಿ ಬಿಸಿಯಾಗುತ್ತದೆ. ಸರಿಯಾಗಿ ಒಣಗದ ಹುಲ್ಲನ್ನು ಮೆದೆ ಹಾಕಿದರೆ ಒಳಗೆ ಕಾವು ಕಟ್ಟುವುದನ್ನು ನೀವು ಕಂಡಿರುತ್ತೀರಿ. ಅಲ್ಲಿ ಕಾವು ಹುಟ್ಟುವ ಕಾರಣ ಬೇರೆಯಾದರೂ, ಹೊರಹೋಗಲು ದಾರಿಯಿಲ್ಲದೆ ಅದು ಏರುತ್ತ ಹೋಗುವ ರೀತಿ ಒಂದೇ. ಹಳೆಯ ಗಣಿಗಳಲ್ಲಿ ಚಾವಣಿಗೆ ಆಸರೆಯಾಗಿ ಕಲ್ಲಿದ್ದಲಿನ ಕಂಬಗಳನ್ನೇ ಬಿಟ್ಟು ನಡುವಿನ ಭಾಗವನ್ನು ತೆಗೆಯುತ್ತಿದ್ದರು. ಬರಿದಾದ ಜಾಗಕ್ಕೆ ಮರಳು ತುಂಬದೆ ಹಾಗೆಯೇ ಕೈಬಿಟ್ಟಲ್ಲಿ ಕಂಬಗಳು ಜಜ್ಜಿಹೋಗಿ, ಚಾವಣಿ ಕುಸಿದು, ಮೇಲಿನ ನೆಲದವರೆಗೂ ಬಿರುಕು ಬಿಟ್ಟು, ಆ ಬಿರುಕುಗಳ ಮೂಲಕ ಒಳಗಿನ ಪುಡಿ ಕಲ್ಲಿದ್ದಲಿಗೆ ಗಾಳಿ ಸಿಕ್ಕಿತು. ಆದ್ದರಿಂದ ಇದನ್ನು ಪ್ರಕೃತಿ ವಿಕೋಪವೆಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. ಇಂದಿಗೂ ಅಲ್ಲಿ ಬಿರುಕುಗಳಿಂದ ಹೊಗೆ ಏಳುತ್ತದೆ, ಅವುಗಳ ಅಂಚಿನಲ್ಲಿ ಹಳದಿ ಗಂಧಕ ಹೆಪ್ಪುಗಟ್ಟಿರುತ್ತದೆ.

ಇನ್ನು ನೀರಿನ ವಿಚಾರ. ಸುರಿದ ನೀರು ಬಿರುಕು, ಸುರಂಗಗಳಲ್ಲಿ ಇಳಿದು ತಗ್ಗಿಗೆ ಹರಿದುಹೋಗುತ್ತದೆಯೇ ಹೊರತು ಉರಿಯುವ ಪದರದ ಮೇಲೆ ನಿಲ್ಲುವುದಿಲ್ಲ. ಕೆಂಡವಾಗಿರುವ ಕಲ್ಲಿದ್ದಲನ್ನು ಮುಟ್ಟಿದ ನೀರು ಹಬೆಯಾಗುವುದಷ್ಟೇ ಅಲ್ಲ, ಅದರೊಂದಿಗೆ ವರ್ತಿಸಿ ಜಲಜನಕವನ್ನೂ ಕಾರ್ಬನ್ ಮೊನಾಕ್ಸೈಡನ್ನೂ ಹುಟ್ಟಿಸುತ್ತದೆ. ಎರಡೂ ಹೊತ್ತಿಕೊಳ್ಳುವ ಅನಿಲಗಳು, ಎರಡನೆಯದು ವಾಸನೆಯೇ ಇಲ್ಲದೆ ಉಸಿರು ನಿಲ್ಲಿಸುವ ವಿಷ. ಉರಿ ತಗ್ಗಿದರೂ ಸುತ್ತಲಿನ ಬಂಡೆ ಬಹುಕಾಲ ಬಿಸಿಯಾಗಿಯೇ ಇರುವುದರಿಂದ, ನೀರು ಇಳಿದು ಗಾಳಿ ಹೊಕ್ಕೊಡನೆ ಬೆಂಕಿ ಮತ್ತೆ ಏಳುತ್ತದೆ.

ಹಳೆಯ ಗಣಿಯಲ್ಲಿ ನೀರು ನಿಲ್ಲಿಸುವುದಂತೂ ಪಕ್ಕದ ಗಣಿಯಲ್ಲಿ ದುಡಿಯುವವರ ಪ್ರಾಣಕ್ಕೇ ಕುತ್ತು. ಧನಬಾದ್ ಬಳಿಯ ಚಾಸ್ನಾಲಾದಲ್ಲಿ 1975ರ ಡಿಸೆಂಬರ್ 27ರಂದು ನೀರು ಒಮ್ಮೆಲೇ ಗಣಿಯೊಳಗೆ ನುಗ್ಗಿ 375 ಮಂದಿ ಕಾರ್ಮಿಕರು ಸತ್ತರು. ಮೇಲೆ ಬರಲು ಅವರಿಗೆ ಸಮಯವೇ ಸಿಗಲಿಲ್ಲ. ಕಲ್ಲಿದ್ದಲು ಗಣಿಯ ದುರಂತವೆಂದರೆ ಸ್ಫೋಟ ಮತ್ತು ಬೆಂಕಿ ಮಾತ್ರವೆಂಬ ನಂಬಿಕೆಯನ್ನು ಬಿಡಬೇಕಾದದ್ದು ಇದಕ್ಕಾಗಿಯೇ.

ಹಾಗಾದರೆ ಮಾಡುವುದೇನು? ಗಾಳಿಯ ದಾರಿ ಮುಚ್ಚುವುದು. ಬಿರುಕುಗಳ ಮೇಲೆ ಮಣ್ಣು ಹೊದಿಸುತ್ತಾರೆ, ಸಾರಜನಕ ಹಾಯಿಸುತ್ತಾರೆ, ಆಳವಾದ ಕಂದಕ ತೋಡಿ ಉರಿಯುವ ಭಾಗವನ್ನು ಉಳಿದ ಕಲ್ಲಿದ್ದಲಿನಿಂದ ಬೇರ್ಪಡಿಸುತ್ತಾರೆ, ಸಾಧ್ಯವಾದಲ್ಲಿ ಉರಿಯುವ ಕಲ್ಲಿದ್ದಲನ್ನೇ ಅಗೆದು ತೆಗೆಯುತ್ತಾರೆ. ನೀವು ಹೇಳುವ ನೀರಿಗೂ ಇಲ್ಲಿ ಒಂದು ಕೆಲಸವಿದೆ: ಮರಳನ್ನೋ ಹಾರುಬೂದಿಯನ್ನೋ ಕಲಸಿ ಕೊಳವೆಯ ಮೂಲಕ ಟೊಳ್ಳುಗಳಿಗೆ ತುಂಬಲು ಅದು ಬೇಕು. ಆದರೆ ಬೆಂಕಿ ಹರಡಿದ ಮೇಲೆ ಇವೆಲ್ಲ ಕಷ್ಟ. ಅಮೆರಿಕದ ಸೆಂಟ್ರೇಲಿಯಾ ಎಂಬ ಊರಿನಲ್ಲಿ 1962ರಲ್ಲಿ ಹೊತ್ತಿದ ಬೆಂಕಿ ಇನ್ನೂ ಆರಿಲ್ಲ, ಊರೇ ಬಹುಪಾಲು ಖಾಲಿಯಾಯಿತು.

ಝರಿಯಾದಲ್ಲಿ ಖಾಲಿ ಮಾಡಬೇಕಾದದ್ದು ಸಾವಿರಾರು ಕುಟುಂಬಗಳ ವಸತಿ. ಪುನರ್ವಸತಿಗಾಗಿ 2009ರಲ್ಲಿ ಕೇಂದ್ರ ಸರ್ಕಾರ ಮಹಾಯೋಜನೆಗೆ ಒಪ್ಪಿಗೆ ಕೊಟ್ಟಿತು, ಬೆಲ್ಗಡಿಯಾದಲ್ಲಿ ಮನೆಗಳೂ ಎದ್ದವು. ಆದರೂ ಕೂಲಿಗೆ ಗಣಿಯನ್ನೇ ನಂಬಿದವರು ದುಡಿಮೆ ಇಲ್ಲದ ಜಾಗಕ್ಕೆ ಹೋಗಲು ಹಿಂಜರಿಯುತ್ತಾರೆ, ಅದು ಸಹಜ. ಮನೆಯ ಜೊತೆಗೇ ಕೆಲಸ, ಶಾಲೆ, ಆಸ್ಪತ್ರೆ ಒದಗಿಸುವುದನ್ನು ಬೆಂಕಿ ಆರಿಸುವ ಕೆಲಸಕ್ಕಿಂತ ಮೊದಲು ಮುಗಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ.